ಮಧ್ಯಾಹ್ನವನ್ನು ಮರಳಿ ಕೇಳುತ್ತಿರುವ ಬೈಲಪ್ಪನವರಿಗೆ

ದಾಬಸ್‌ಪೇಟೆ
ಅಕ್ಟೋಬರ್ ೧೯೯೯

ಗಗನ ಕೇಬಲ್ ನೆಟ್‌ವರ್ಕಿನ ಸ್ಥಾಪಕರೂ ನಮ್ಮೂರಿಗೆ ಆಕಾಶವನ್ನು ಬಾಡಿಗೆಗೆ ಕೊಟ್ಟ ಮೊದಲಿಗರೂ ಆದ ಶ್ರೀ ಬೈಲಪ್ಪನವರ ಸಮ್ಮುಖಕ್ಕೆ,

ಮಾನ್ಯರೇ,

ತಮಗೂ, ತಮ್ಮ ತಾರಸಿಯ ಮೇಲಿನ ಡಿಶ್ಶಿಗೂ, ಅದರ ನೆರಳಿನಲ್ಲಿ ಮಲಗುವ ಬೆಕ್ಕಿಗೂ ಕ್ಷೇಮ ಕೋರಿ, ಬರುವ ಭಾನುವಾರ ತಾವು ಮತ್ತೆ ಪಂಚಾಯಿತಿ ಸೇರಿಸಿ ತಮ್ಮ ತಂಗಿ ಮುನಿಗಂಗಮ್ಮನವರಿಂದ ಮಧ್ಯಾಹ್ನವನ್ನು ಹಿಂದಕ್ಕೆ ಪಡೆಯಲಿದ್ದೀರೆಂಬ ಸುದ್ದಿ ಕೇಳಿ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ. ಮಧ್ಯಾಹ್ನಕ್ಕೆ ಒಡೆಯರು ಇರುವುದು ಹೇಗೆಂದು ಪರಸ್ಥಳದ ಓದುಗರು ಕೇಳಬಹುದಾದ್ದರಿಂದ, ತಮಗೆ ಗೊತ್ತಿರುವುದನ್ನೇ ತಮಗೆ ವಿವರಿಸುವ ಅಪರಾಧವನ್ನು ಮನ್ನಿಸಬೇಕು.

ತಾವೊಬ್ಬರೇ ಇದ್ದ ಕಾಲ ನೆಮ್ಮದಿಯದು. ತಮ್ಮ ಅಂಗಡಿಯಲ್ಲಿ ಟೀವಿ ಕೊಂಡವರಿಗಷ್ಟೇ ತಮ್ಮ ತಂತಿ, ಟೀವಿ ಬೇಕೆಂದರೆ ತಮ್ಮ ಅಂಗಡಿಯದೇ ಸ್ಟೆಬಿಲೈಜರ್. ಆ ಸ್ಟೆಬಿಲೈಜರ್ ಟೀವಿಗಿಂತ ಜೋರಾಗಿ ಮಾತನಾಡುತ್ತಿದ್ದರೂ ಯಾರಿಗೂ ಬೇಸರವಾಗಲಿಲ್ಲ. ಭಾನುವಾರದ ಸಿನಿಮಾದ ಬದಲು ತಮ್ಮ ಮೊಮ್ಮಗನ ನಾಮಕರಣದ ಕ್ಯಾಸೆಟ್ಟನ್ನು ನಾವು ಎಷ್ಟೋ ವಾರ ನೋಡಿ, ಆ ಮಗುವಿನ ಅಳುವನ್ನು ನಮ್ಮ ಮಕ್ಕಳ ಅಳುವಿಗಿಂತ ಚೆನ್ನಾಗಿ ಗುರುತಿಸಬಲ್ಲವರಾದೆವು. ಎರಡು ಬಗೆಯ ಸಾಬೂನಿನ ಮುಂದೆ ನಿಂತು ಅಂಗಡಿ ಬಾಗಿಲು ಹಾಕುವವರೆಗೂ ತೀರ್ಮಾನಕ್ಕೆ ಬರಲಾಗದ ನನ್ನಂಥವನಿಗೆ, ಆಯ್ಕೆಯೆಂಬ ಭಾರವನ್ನು ಇಳಿಸುವವರು ಉಪಕಾರಿಗಳೇ. ಮನುಷ್ಯ ಸ್ವಾತಂತ್ರ್ಯವನ್ನು ಬಯಸುತ್ತಾನೆಂಬ ಮಾತಿನಲ್ಲಿ ನನಗೆ ಆಗಿನಿಂದಲೂ ಪೂರ್ತಿ ನಂಬಿಕೆಯಿಲ್ಲ.

ಈ ನೆಮ್ಮದಿಯನ್ನು ಕದಡಿದವರು ಮುನಿಗಂಗಮ್ಮನವರು. ಗಂಡನ ಕಾರ್ಖಾನೆಗೆ ಬೀಗ ಬಿದ್ದ ಮೇಲೆ ಅವರು ಕೈಬಳೆ ಅಡವಿಟ್ಟು ಒಂದು ಚಿಕ್ಕ ಡಿಶ್ ತಂದು ಕೆರೆಬೀದಿಯ ಮೂವತ್ತು ಮನೆಗೆ ತಂತಿ ಎಳೆದರು. ತಾವು ಅಣ್ಣನ ಕರ್ತವ್ಯವನ್ನು ಮರೆಯದೆ, ಆ ಒಂದು ಬೀದಿಗೆ ಮಾತ್ರ ತಮ್ಮ ತಂತಿಯನ್ನು ಬಿಟ್ಟಿ ಕೊಟ್ಟಿರಿ. ಆ ಔದಾರ್ಯದ ಖರ್ಚನ್ನು ಉಳಿದ ಬೀದಿಗಳ ನಾವು ಸಂತೋಷದಿಂದ ಭರಿಸಿದೆವು. ಮುನಿಗಂಗಮ್ಮನವರು ಮಾತ್ರ ಸಂತೋಷಪಡಲಿಲ್ಲ. ಊರಿನ ಕೇಬಲ್ಲನ್ನೆಲ್ಲ ಅಣ್ಣನೊಬ್ಬನೇ ನುಂಗುತ್ತಿದ್ದಾನೆಂದು ಸರ್ಕಾರಕ್ಕೆ ಅರ್ಜಿ ಕಳಿಸಬೇಕೆಂದು ನನ್ನ ಬಳಿ ಬಂದರು, ನಾನು ಬರೆದುಕೊಟ್ಟೆ.

ಅದೇ ದಿನಗಳಲ್ಲಿ, ಅಮೆರಿಕದ ಸರ್ಕಾರವೇ ಅಲ್ಲಿನ ಬಲು ದೊಡ್ಡ ಕಂಪ್ಯೂಟರ್ ಕಂಪನಿಯೊಂದರ ಮೇಲೆ ಮೊಕದ್ದಮೆ ಹೂಡಿದ ಸುದ್ದಿ ಪತ್ರಿಕೆಯಲ್ಲಿತ್ತು. ಮತ್ತೊಬ್ಬರು ಮಾರಿ ಬದುಕುತ್ತಿದ್ದ ಸರಕನ್ನು ಆ ಕಂಪನಿ ತನ್ನದರ ಜೊತೆ ಬಿಟ್ಟಿ ಸೇರಿಸಿ ಕೊಡುತ್ತಿತ್ತಂತೆ. ಬೈರಣ್ಣನ ಕ್ಷೌರದಂಗಡಿಯಲ್ಲಿ ತಾವು ಅದನ್ನು ಓದಿ, "ಅಲ್ಲಾ ಗುರು, ಬಿಟ್ಟಿ ಕೊಡೋನ್ನೂ ಕೋರ್ಟಿಗೆ ಎಳೀತಾರಾ? ಕಂಪ್ನೀನೇ ಒಡೀಬೇಕು ಅಂತಾವ್ರಲ್ಲ!" ಎಂದು ಉದ್ಗರಿಸಿದ್ದನ್ನು ನಾನು ಪಕ್ಕದ ಕುರ್ಚಿಯಲ್ಲಿ ಅರ್ಧ ಗಡ್ಡದೊಂದಿಗೆ ಕೇಳಿದೆ. "ಒಡೆಯೋದಂದ್ರೆ ಏನಣ್ಣ, ಹಿಸ್ಸೆ ತಾನೇ?" ಎಂದ ಬೈರಣ್ಣ, ಕತ್ತಿಯನ್ನು ನನ್ನ ಗಂಟಲ ಮೇಲಿಟ್ಟುಕೊಂಡೇ. "ನಿಮ್ ತಮ್ಮ ಸಿದ್ದರಾಜುಗೂ ಮದ್ವೆ ಆಯ್ತು. ಹೆಂಗೂ ಬೇರೆ ಹೋಗೋನೇಯ."

ಅಮೆರಿಕದ ನ್ಯಾಯಾಧೀಶರಿಗೆ ಹೊಳೆಯದಿದ್ದ ದಾರಿ ಹೀಗೆ ತಮಗೆ ಹೊಳೆಯಿತು. ಅರ್ಜಿಯ ಮೇಲೆ ನೋಟಿಸು ಬಂದ ಕೂಡಲೇ, ಊರಿನ ಕೇಬಲ್ ಒಬ್ಬರದಲ್ಲ ಇಬ್ಬರದೆಂದು ತೋರಿಸಲು ತಾವು ಅಣ್ಣತಮ್ಮಂದಿರು ಪಾಲಾದಿರಿ. ಅದುವರೆಗೆ ಬಾವಿಗಳನ್ನಷ್ಟೇ ಹಂಚಿ ಗೊತ್ತಿದ್ದ ನಮ್ಮ ಹಿರಿಯರು ಡಿಶ್ಶನ್ನೂ ಬಾವಿಯ ಲೆಕ್ಕದಲ್ಲೇ ಹಂಚಿದರು. ದೀಪ ಹಚ್ಚುವವರೆಗೆ ಅಣ್ಣನ ಸರದಿ, ಆಮೇಲೆ ತಮ್ಮನದು. ತಂತಿ ಬೇರೆ, ಬಾಡಿಗೆಯೂ ಬೇರೆ. ಕ್ರಿಕೆಟ್ ವಿಶ್ವಕಪ್ಪಿನಲ್ಲಿ ತಮ್ಮ ತಂತಿಯವರು ಮೊದಲ ಇನ್ನಿಂಗ್ಸನ್ನೂ ಸಿದ್ದರಾಜು ಅವರ ತಂತಿಯವರು ಎರಡನೆಯದನ್ನೂ ನೋಡಿ, ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಕೂಡಿ ಪಂದ್ಯವನ್ನು ಪೂರ್ತಿ ಮಾಡಿಕೊಳ್ಳುತ್ತಿದ್ದರು. ಎರಡೂ ತಂತಿ ಹಾಕಿಸಿಕೊಂಡ ನಾನು ಮುಸ್ಸಂಜೆ ಎದ್ದು ಟೀವಿಯ ಹಿಂದೆ ಬಗ್ಗಿ ಒಂದನ್ನು ಕಿತ್ತು ಇನ್ನೊಂದನ್ನು ಸಿಕ್ಕಿಸುತ್ತಿದ್ದೆ. ಸ್ಪರ್ಧೆ ಎಂದರೆ ಇದೇ ಎಂದು ಸಿದ್ದರಾಜು ಅವರು ನನಗೆ ತಿಳಿಸಿಹೇಳಿದರು.

ಕೆರೆಬೀದಿಗಾದರೋ ಈಗ ಇಬ್ಬರೂ ಬಿಟ್ಟಿ ಕೊಡತೊಡಗಿದಿರಿ, ಸಿದ್ದರಾಜು ಅವರು ಜೊತೆಗೊಂದು ಸ್ಟೀಲ್ ಲೋಟವನ್ನೂ. ಮುನಿಗಂಗಮ್ಮನವರ ಮೂವತ್ತು ಮನೆ ಎಂಟಾಯಿತು. ಡಿಶ್ಶನ್ನು ಮಾರಿದರು. ಬೀದಿಯ ಕಂಬಗಳ ಮೇಲೆ ಅವರ ತಂತಿ ಸುಮ್ಮನೆ ತೂಗುತ್ತಿದ್ದುದನ್ನು ನಾನು ದಿನವೂ ನೋಡುತ್ತಿದ್ದೆ, ಮತ್ತು ನಾನು ಬರೆದ ಅರ್ಜಿಯ ಭಾಷೆ ಎಷ್ಟು ಚೆನ್ನಾಗಿತ್ತೆಂದು ನೆನೆಯುತ್ತಿದ್ದೆ.

ಆದರೆ ಹಿಸ್ಸೆಯ ಪತ್ರಕ್ಕೆ ಹೆಣ್ಣುಮಗಳ ಸಹಿಯಿಲ್ಲದೆ ನಡೆಯದು. ಗೌರಿಹಬ್ಬದ ದಿನ ತಾವಿಬ್ಬರೂ ಬಾಗಿನದ ಮೊರದೊಂದಿಗೆ ಒಂದು ಕಾಗದವನ್ನೂ ಹಿಡಿದು, ಸಾಕ್ಷಿಗೆಂದು ನನ್ನನ್ನೂ ಕರೆದುಕೊಂಡು ತಂಗಿಯ ಮನೆಗೆ ಹೋದಿರಿ. ಡಿಶ್ಶಿನಲ್ಲಿ ನನಗೆ ಹಕ್ಕಿಲ್ಲ, ಈ ಊರಲ್ಲಿ ಎಂದೂ ಕೇಬಲ್ ನಡೆಸುವುದಿಲ್ಲ ಎಂದಿತ್ತು ಕಾಗದದಲ್ಲಿ. "ಒಂದ್ ಸೈನ್ ಹಾಕವ್ವ, ಮುಂದಿನ್ ಹಬ್ಬಕ್ಕೆ ರೇಷ್ಮೆ ಸೀರೆ," ಎಂದಿರಿ ತಾವು. ಅವರು ಬಾಗಿನವನ್ನು ಕಣ್ಣಿಗೊತ್ತಿಕೊಂಡು ಒಳಗಿಟ್ಟು ಬಂದರು. "ರೇಷ್ಮೆ ಸೀರೆ ಉಟ್ಕೊಂಡು ನಿನ್ ಟೀವಿ ಮುಂದೆ ಕೂತ್ಕಳ್ಲಾ ಅಣ್ಣ? ಆ ಡಿಶ್ಶು ಬಂದಿದ್ದು ಅಪ್ಪನ್ ಹೊಲ ಮಾರಿದ್ ದುಡ್ಡಲ್ಲಿ. ಹಗಲು ನಿಂದು, ರಾತ್ರಿ ಸಿದ್ದಂದು, ನಾನೇನ್ ಗ್ರಹಣದಾಗೆ ನೋಡ್ಲಾ? ನಂಗೂ ಒಂದ್ ಹೊತ್ತು ಬರೀರಿ, ಸೈನ್ ಹಾಕ್ತೀನಿ."

ತಾವು ಬಹಳ ಯೋಚಿಸಿ, ಊರೆಲ್ಲ ಉಂಡು ಮಲಗುವ ಹೊತ್ತೆಂದು ಒಂದರಿಂದ ನಾಲ್ಕನ್ನು ಕೊಟ್ಟಿರಿ. ವರ್ಷಗಳಿಂದ ಮಧ್ಯಾಹ್ನ ಅಂಗಡಿಯಲ್ಲೇ ಇರುವ ತಮಗೆ, ಆ ಹೊತ್ತಿಗೆ ಮನೆಗಳಲ್ಲಿ ಯಾರೂ ಮಲಗುವುದಿಲ್ಲವೆಂದು ತಿಳಿದಿರುವುದು ಹೇಗೆ? ಮಧ್ಯಾಹ್ನದ ಧಾರಾವಾಹಿಗಳಿಗಾಗಿ ವಾರದೊಳಗೆ ಊರಿನ ಅಷ್ಟೂ ಮನೆಗಳು ಮುನಿಗಂಗಮ್ಮನವರ ತಂತಿ ಹಾಕಿಸಿಕೊಂಡವು. ತಮ್ಮ ಮನೆಯವರೇ ಮೊದಲಿಗರೆಂದು ಕೇಳಿ ತಮ್ಮ ಕುಟುಂಬದ ಒಗ್ಗಟ್ಟಿನ ಬಗ್ಗೆ ಹೆಮ್ಮೆಯಾಯಿತು. ಅಡವಿಟ್ಟ ಬಳೆಗಳು ಮೊನ್ನೆ ಅವರ ಕೈಗೆ ಮರಳಿವೆ.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಆ ಮೂರು ಗಂಟೆಗಳನ್ನು ದಯವಿಟ್ಟು ಕೇಳಬೇಡಿ. ಕೇಳಲೇಬೇಕಿದ್ದರೆ ಸಿದ್ದರಾಜು ಅವರಿಂದ ನಡುರಾತ್ರಿಯನ್ನು ಕೇಳಿ. ಅದೂ ಸಾಲದಿದ್ದರೆ, ನೋಡುವ ನನ್ನನ್ನೂ ಹಿರಿಯರಿಂದ ಮೂರು ಪಾಲು ಮಾಡಿಸಿ ತಮ್ಮ ಪಾಲನ್ನು ಒಯ್ಯಿರಿ. ಈ ಮೂರು ತಂತಿಗಳ ನಡುವೆ ನಾನು ಇಡಿಯಾಗಿ ಉಳಿದಿದ್ದೇನೆಂಬ ಭರವಸೆ ನನಗೇ ಇಲ್ಲ.

ದೀಪ ಹಚ್ಚುವವರೆಗೆ, ಒಂದರಿಂದ ನಾಲ್ಕರ ಹೊತ್ತನ್ನು ಬಿಟ್ಟು,
ತಮ್ಮ ವಿಶ್ವಾಸಿ,
ಹರಿಪ್ರಸಾದ್

ಮರೆತ ಮಾತು: ಇದನ್ನು ಮುಗಿಸುವ ಹೊತ್ತಿಗೆ ಮುನಿಗಂಗಮ್ಮನವರು ಬಂದರು. ಕೆರೆಬೀದಿಯಲ್ಲಿ ಪಾಪಮ್ಮನೆಂಬ ಹೆಂಗಸು ಸಾಲ ಮಾಡಿ ಹೊಸ ಡಿಶ್ ತರುತ್ತಿದ್ದಾಳಂತೆ. "ಊರಿಗೆ ಎಷ್ಟ್ ಜನ ಅಂತ ಬೇಕು ಸಾರ್? ನಮ್ ಮನೆತನದೋರು ಬಿಟ್ಟು ಇನ್ಯಾರೂ ಕೇಬಲ್ ಹಾಕ್ಬಾರ್ದು ಅಂತ ಸರ್ಕಾರಕ್ಕೆ ಒಂದ್ ಅರ್ಜಿ ಬರ್ಕೊಡಿ," ಎಂದರು. ಅವರು ತಮ್ಮ ಒಡಹುಟ್ಟಿದವರೆನ್ನುವುದಕ್ಕೆ ಭಾನುವಾರದ ಪಂಚಾಯಿತಿ ಬೇರೆ ಸಾಕ್ಷಿ ಕೇಳಬೇಕಿಲ್ಲ.