ಬೆಂಕಿ ಆರುವ ತನಕ

ಹೆಣದ ಗುಂಡಿಯೊಳಗೆ ಜೆರೆ ಒಂದು ಗಳಿಗೆ ಕಡಿಮೆ ಮಲಗಿದ್ದರೆ ಕಪಾಸಾನ ಗತಿ ಹೀಗಾಗುತ್ತಿರಲಿಲ್ಲವೇನೋ. ಆದರೆ ಜೆರೆ ಎನ್‌ಗೋನಿ ಕುಲದವನು. ಸತ್ತವನು ಕಪಾಸಾನ ಅಣ್ಣ ಮುಸೋಂಡಾ, ಬೆಂಬಾ ಕುಲದವನು. ಈ ಎರಡು ಕುಲದ ಅಜ್ಜಂದಿರು ಈಟಿ ಹಿಡಿದು ಹೊಡೆದಾಡಿ ಸುಸ್ತಾಗಿ, ಇನ್ನು ಮೇಲೆ ಬಾಯಲ್ಲೇ ಹೊಡೆದಾಡೋಣ ಎಂದು ತೀರ್ಮಾನಿಸಿದ್ದರು. ಅಂದಿನಿಂದ ಬೆಂಬಾ ಸತ್ತರೆ ಎನ್‌ಗೋನಿ ಬಂದು ಗುಂಡಿ ತೋಡಬೇಕು, ಹೆಣ ಹೊರಬೇಕು, ಜೊತೆಗೆ ಹೆಣದ ಮಾನವನ್ನೂ ಕಳೆಯಬೇಕು. ಕಳೆಯದಿದ್ದರೆ ಸತ್ತವನಿಗೆ ಅವಮಾನ.

ಜೆರೆ ಗುಂಡಿಯಲ್ಲಿ ಕೈಕಾಲು ಚಾಚಿ ಮಲಗಿ, ಏಳಬೇಕಾದರೆ ಕೋಳಿ ಕೊಡಿ ಎಂದ.

"ಈ ಕೋತಿ ತಿನ್ನೋನಿಗೆ ಇಷ್ಟು ದೊಡ್ಡ ಗುಂಡಿ ಯಾಕ್ರೋ? ಗಣಿಯೊಳಗೆ ಕುಡಿದು ಮಲಗಿ ಗೊರಕೆ ಹೊಡೀತಿದ್ದ. ಆ ಗೊರಕೆಗೇ ಬಂಡೆ ಕುಸಿದು ಬಿತ್ತು."

ಅಳುತ್ತಿದ್ದ ಮುಸೋಂಡಾನ ವಿಧವೆ ಚೋಲಾ ಕೂಡ ಹೊದ್ದ ಬಟ್ಟೆಯೊಳಗೆ ನಕ್ಕಳು. ಇಲಿ ತಿನ್ನೋನೆ, ಮೇಲೆ ಬಾ ಎಂದು ಮುದುಕಿಯರು ಅವನ ಮೇಲೆ ಮಣ್ಣೆಸೆದರು. ಕೋಳಿ ಬಂತು, ಜೆರೆ ಎದ್ದ, ಮುಸೋಂಡಾ ಇಳಿದ.

ಆಗ ಗಣಿಯ ಪಾಳಿ ಮೇಸ್ತ್ರಿ ಸಿಯಾಮೆ ಮುಂದೆ ಬಂದು, ಗುಂಡಿಯಲ್ಲಿದ್ದ ಮುಸೋಂಡಾನತ್ತ ಬಾಗಿ ಮೊಣಕಾಲೂರಿದ.

"ತಮ್ಮಾ, ಕ್ಷಮಿಸು. ಆ ಬಂಡೆಗೆ ಆಸರೆ ಕಂಬ ಇಲ್ಲ ಅಂತ ನಾನು ಮೇಲಿನವರಿಗೆ ಹೇಳಿದ್ದೆ. ಮೊದಲು ಈ ತಿಂಗಳ ಅದಿರು ಹೊರಗೆ ಬರಲಿ, ಆಮೇಲೆ ನೋಡೋಣ ಅಂದರು. ಗೊತ್ತಿದ್ದೂ ನಿನ್ನ ಕಳಿಸಿದೆ."

ತಪ್ಪು ಕಂಪನಿಯದಾದರೆ ಚೋಲಾಗೆ ಪರಿಹಾರ, ಅಣ್ಣನ ಮಕ್ಕಳಿಗೆ ಶಾಲೆ. ತಪ್ಪು ಮುಸೋಂಡಾನದಾದರೆ ಅವಳ ಪಾಲಿಗೆ ಈ ಗುಂಡಿಯೊಂದೇ. ಕಪಾಸಾ ಮೇಸ್ತ್ರಿಯ ಮಾತನ್ನು ಕೋಳಿಮೊಟ್ಟೆಯಂತೆ ಎದೆಗಾನಿಸಿಕೊಂಡು ಮನೆಗೆ ಬಂದ.

ಆ ಮಾತು ಡಾಕ್ಟರ್ ಮಾರೀಕೆಯ ಫೋನಿನಲ್ಲೂ ರೆಕಾರ್ಡ್ ಆಗಿತ್ತು. ಕಿತ್ವೆ ಪಟ್ಟಣದ ಹತ್ತಿರದ ಈ ಗಣಿ ಕಾಲೊನಿಗೆ ಆಕೆ ಬಂದದ್ದು ಆಫ್ರಿಕಾದ ಅಭಿವೃದ್ಧಿ, ದುಡಿಮೆ ಮತ್ತು ಜಾಗತಿಕ ಬಂಡವಾಳದ ಮೇಲೆ ಸಂಶೋಧನೆ ಮಾಡಲು. ಡಾಕ್ಟರ್ ಎಂದಾಕ್ಷಣ ಕಾಲೊನಿಯವರೆಲ್ಲ ನಾಲಿಗೆ ಚಾಚಿ ತೋರಿಸಿದ್ದರು. ಮಾತ್ರೆ ಕೊಡದಿದ್ದರೂ ಒಳ್ಳೆಯ ಹೆಂಗಸು. ಮೇಸ್ತ್ರಿಯ ತಪ್ಪೊಪ್ಪಿಗೆ ಕಂಪನಿಯ ಕಿವಿಗೆ ಬೀಳಲೇಬೇಕೆಂದು ಸಂಜೆಯವರೆಗೂ ಕಾಯದೆ ಆ ರೆಕಾರ್ಡಿಂಗನ್ನು ತಾನೇ ಕಳಿಸಿದ್ದಳು. ಮೊದಲಿನಿಂದ ಕೊನೆಯವರೆಗೆ, ಒಂದಕ್ಷರ ಬಿಡದೆ.

ಮಧ್ಯಾಹ್ನವೇ ಕಪಾಸಾನಿಗೆ ಕರೆ ಬಂತು. ಕಂಪನಿಯ ಕಲ್ಯಾಣಾಧಿಕಾರಿ ಲಿಸುಲೊ ಗೌರವದಿಂದ ಕುರ್ಚಿ ತೋರಿಸಿ, ಜೆರೆಯ ಮಾತನ್ನು ಕೇಳಿಸಿದ. ಕುಡಿದು ಮಲಗಿದ್ದ, ಗೊರಕೆ, ಬಂಡೆ.

"ನಿಮ್ಮ ಕಡೆ ಸಾಕ್ಷಿಯೇ ಹೇಳ್ತಿದ್ದಾನಲ್ಲಪ್ಪ."

ಕಪಾಸಾನಿಗೆ ಕುರ್ಚಿಯೇ ಗಣಿಯೊಳಕ್ಕೆ ಇಳಿದಂತಾಯಿತು. ಲಿಸುಲೊ ಲೋಜಿ ಕುಲದವನಾದರೂ ಇದೇ ಕಾಲೊನಿಯಲ್ಲಿ ಹುಟ್ಟಿದವನು. ಅವನಪ್ಪ ಸತ್ತಾಗ ಗೇಲಿಯ ನಂಟಿನ ಟೋಂಗಾ ಕುಲದವರು ಸತ್ತವನ ಕೋಟು ತೊಟ್ಟು, ಅವನಂತೆಯೇ ಕುಂಟುತ್ತಾ ಬೀದಿಯುದ್ದಕ್ಕೂ ಮೆರೆದಿದ್ದರು. ಅದನ್ನು ಕಪಾಸಾ ನೆನಪಿಸಿದ.

"ನನಗೆ ಗೊತ್ತು. ಕಂಪನಿಗೆ ಗೊತ್ತಿಲ್ಲವಲ್ಲ," ಎಂದ ಲಿಸುಲೊ.

ಕಪಾಸಾ ಸೈಕಲ್ ಹತ್ತಿ, ಜೆರೆಯನ್ನೂ ಡಾಕ್ಟರಮ್ಮನನ್ನೂ ಹುಡುಕುತ್ತಾ ಕಾಲೊನಿಯೆಲ್ಲ ತಡಕಿದ. ದಾರಿಯುದ್ದಕ್ಕೂ ಸಲಹೆಗಳು. ವಕೀಲನನ್ನು ಹಿಡಿ ಎಂದಳು ಟೊಮೆಟೊ ಮಾರುವವಳು. ಪಾದ್ರಿಯನ್ನು ಹಿಡಿ ಎಂದ ಕ್ಷೌರಿಕ. ಮೊದಲು ಸೈಕಲ್ ಬ್ರೇಕ್ ಹಿಡಿ ಎಂದು ಕೂಗಿದವನ ಬುಟ್ಟಿಗೇ ಡಿಕ್ಕಿ ಹೊಡೆದು ಮುಂದೆ ಹೋದ. ಜೆರೆ ಸಂಪಾದಿಸಿದ ಕೋಳಿಯ ಪುಕ್ಕ ಕೀಳುತ್ತಿದ್ದ. ವಿಷಯ ಕೇಳಿದ್ದೇ ತಡ, ಕೋಳಿ ಅವನ ಕೈಯಿಂದ ಜಾರಿತು. ಡಾಕ್ಟರಮ್ಮನಂತೂ ಸುಣ್ಣದಂತೆ ಬಿಳಿಚಿಕೊಂಡಳು. ಮೊದಲೇ ಬಿಳಿಯಾಗಿದ್ದವಳು ಇನ್ನೂ ಬಿಳಿಯಾಗಬಲ್ಲಳೆಂದು ಕಾಲೊನಿಗೆ ಅಂದೇ ಗೊತ್ತಾದದ್ದು.

ಮೂವರೂ ಬರುವಷ್ಟರಲ್ಲಿ ಕಚೇರಿಯಲ್ಲಿ ಮೇಸ್ತ್ರಿ ಸಿಯಾಮೆಯನ್ನೂ ಕರೆಸಿ ಕೂರಿಸಿದ್ದರು. ಮೈತುಂಬ ಪುಕ್ಕ ಅಂಟಿಸಿಕೊಂಡೇ ಬಂದ ಜೆರೆ, ತಾನು ಹೇಳಿದ್ದೆಲ್ಲ ಗೇಲಿ ಎಂದ. ಅದಕ್ಕೇನು ಪ್ರಮಾಣ ಎಂದ ಲಿಸುಲೊ. ಜೆರೆ ಅಭ್ಯಾಸಬಲದಿಂದ ಕಪಾಸಾನತ್ತ ತಿರುಗಿ, "ಈ ಕೋತಿಮುಖ ಎದುರಿಗಿದ್ದರೆ ಯಾರಾದರೂ ನಿಜ ಹೇಳ್ತಾರಾ?" ಎಂದುಬಿಟ್ಟ. ಡಾಕ್ಟರಮ್ಮ ಅವನನ್ನು ಹಿಂದಕ್ಕೆ ಸರಿಸಿ ತಾನೇ ನಿಂತಳು.

ಇಂಥ ನಂಟಿನ ಬಗ್ಗೆ ತನ್ನ ಗುರುಗಳ ಗುರುಗಳು ಬರೆದಿಟ್ಟದ್ದನ್ನೆಲ್ಲ ಆಕೆ ಬಿಡಿಸಿ ಹೇಳಿದಳು. ಈಟಿಯ ಕಾಲದಿಂದ ಗಣಿಯ ಕಾಲದವರೆಗೆ ಬಂದಳು. ಎಷ್ಟು ಚೆನ್ನಾಗಿ ಹೇಳಿದಳೆಂದರೆ, ತನಗೇ ತಿಳಿಯದ ತನ್ನ ಘನತೆ ಕೇಳಿ ಜೆರೆ ಎದೆಯುಬ್ಬಿಸಿದ.

"ಒಟ್ಟಿನಲ್ಲಿ, ಸಾವಿನ ಮನೆ ಮುಂದೆ ಹೊತ್ತಿಸಿದ ಬೆಂಕಿ ಆರೋ ತನಕ ಆಡೋ ಮಾತೆಲ್ಲ ಶಾಸ್ತ್ರ. ಅದು ಯಾವುದಕ್ಕೂ ಸಾಕ್ಷಿಯಾಗಲ್ಲ," ಎಂದು ಮುಗಿಸಿದಳು.

"ಮಾತೆಲ್ಲವೂ?" ಎಂದ ಲಿಸುಲೊ.

"ಎಲ್ಲವೂ."

ಕಪಾಸಾ ಆಕೆಯ ಕೈ ಹಿಡಿದು ಕಣ್ಣಿಗೊತ್ತಿಕೊಂಡ. ಲಿಸುಲೊ ತಲೆದೂಗಿ ಒಪ್ಪಿದ. ಕಂಪನಿ ಸ್ಥಳೀಯ ಸಂಸ್ಕೃತಿಯನ್ನು ಗೌರವಿಸುತ್ತದೆ, ಜೆರೆಯ ಮಾತನ್ನು ಇಲ್ಲಿಗೇ ಕೈಬಿಟ್ಟೆವು ಎಂದ. ಆಮೇಲೆ ಮೇಸ್ತ್ರಿಯತ್ತ ಮೆಲ್ಲಗೆ ತಿರುಗಿದ.

"ಸಿಯಾಮೆ, ಕಂಬ ಇರಲಿಲ್ಲ ಅಂದೆಯಲ್ಲ, ಅದನ್ನೂ ಅಲ್ಲೇ, ಸ್ಮಶಾನದಲ್ಲೇ ಅಂದದ್ದಲ್ವಾ?"

ಡಾಕ್ಟರಮ್ಮ ಅದು ಬೇರೆ ಎನ್ನಲು ಹೊರಟಳು, ಆದರೆ ಎಲ್ಲವೂ ಎಂದು ಈಗಷ್ಟೇ ಹೇಳಿದ್ದವಳೂ ಆಕೆಯೇ. ಸಿಯಾಮೆ ತೊಡೆಯ ಮೇಲಿದ್ದ ಹೆಲ್ಮೆಟ್ಟನ್ನು ತಿರುಗಿಸುತ್ತಾ ಕೂತ. ಅವನ ಗುತ್ತಿಗೆ ಈ ತಿಂಗಳಿಗೇ ಮುಗಿಯುತ್ತಿತ್ತು.

"ಅಲ್ಲೇ," ಎಂದ. "ದುಃಖದಲ್ಲಿ ಅಂದದ್ದು."

ಆಗ ಜೆರೆ ಮೈಮೇಲಿನ ಪುಕ್ಕ ಕೊಡವಿಕೊಂಡು ಎದ್ದ. ಅವನ ಮುಖದಲ್ಲಿ ನಗೆ ಇಲ್ಲದ್ದನ್ನು ಕಪಾಸಾ ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ಲಿಸುಲೊ, ನಿಮ್ಮೋರಿಗೂ ನಮ್ಮೋರಿಗೂ ಗೇಲಿಯ ನಂಟಿಲ್ಲ. ಹಾಗಾಗಿ ಇದು ಗೇಲಿ ಅಲ್ಲ. ಕಂಬ ಇರಲಿಲ್ಲ. ಅವನನ್ನ ಕೊಂದೋರು ನೀವು."

ಲಿಸುಲೊ ಸಿಟ್ಟಾಗಲಿಲ್ಲ. ಡಾಕ್ಟರಮ್ಮನನ್ನು ವಿನಯದಿಂದ ಕೇಳಿದ.

"ಸಾವಿನ ಮನೆ ಬೆಂಕಿ ಆರಿದೆಯಾ, ಮೇಡಂ?"

ಆಕೆ ಕಿಟಕಿಯಿಂದ ನೋಡಿದಳು. ತಾಮ್ರದ ಕಿಟ್ಟದ ಗುಡ್ಡದಾಚೆ, ಚೋಲಾಳ ಅಂಗಳದಿಂದ ಹೊಗೆ ನೆಟ್ಟಗೆ ಏಳುತ್ತಿತ್ತು. ಸುಳ್ಳು ಹೇಳಿ ಗೊತ್ತಿಲ್ಲದ ಹೆಂಗಸು. ಇಲ್ಲವೆಂದು ತಲೆಯಾಡಿಸಿದಳು.

"ಹಾಗಾದರೆ ಇದೂ ಶಾಸ್ತ್ರವೇ," ಎಂದ ಲಿಸುಲೊ, ಎದ್ದು ನಿಂತು ಟೊಪ್ಪಿ ತೆಗೆದು, ಕಂಪನಿಯ ಪರವಾಗಿ ಸಂತಾಪ ಸೂಚಿಸಿದ.