ಚಂದಾ ಕೇಳದ ಮಾವ

ನಮ್ಮ ಸೋದರಮಾವನಷ್ಟು ಕೆಲಸಕ್ಕೆ ಬಾರದ ಚಂದಾ ವಸೂಲಿಗಾರ ಇಡೀ ಮೈಸೂರು ಸೀಮೆಯಲ್ಲಿ ಇನ್ನೊಬ್ಬನಿರಲಿಲ್ಲ. ಇದು ನನ್ನ ಮಾತಲ್ಲ. ನಮ್ಮ ಸೇವಾ ಸಂಘದ ಅಧ್ಯಕ್ಷರು ತುಂಬಿದ ಸಭೆಯಲ್ಲಿ ಎದ್ದು ನಿಂತು ಆಡಿದ ಮಾತು. ಅದನ್ನು ಕೇಳಿ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ಯಾರು ಅಂತೀರಿ? ನಮ್ಮ ಮಾವನೇ!

ಆಗ ಬ್ರಿಟಿಷರ ಕಾಲ. ನಾನೂ ನನ್ನ ಗಂಡನೂ ಆಂಡರ್ಸನ್‌ಪೇಟೆಯಲ್ಲಿದ್ದೆವು, ನಾನು ಅಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಚಿನ್ನದ ಗಣಿಯಲ್ಲಿ ಪಾತಾಳಕ್ಕೆ ಇಳಿಯಲು ಯಂತ್ರವಿತ್ತು. ಆದರೆ ಸುತ್ತಲಿನ ಹಳ್ಳಿಯ ಬಸುರಿ ಹೆಂಗಸು ನೆಲದ ಮೇಲಿನ ನಾಲ್ಕು ಮೈಲಿ ದಾಟಿ ಪೇಟೆಯ ಆಸ್ಪತ್ರೆಗೆ ಬರಲು ನೆಟ್ಟಗಿನ ಒಂದು ಗಾಡಿಯಿರಲಿಲ್ಲ. ಗೊಬ್ಬರ ಹೊಡೆಯುವ ಗಾಡಿಯೇ ಗತಿ. ಆ ಕಲ್ಲುದಾರಿಯಲ್ಲಿ ಅದರ ಕುಲುಕಾಟಕ್ಕೆ ಗಟ್ಟಿಮುಟ್ಟಾದ ಗಂಡಸರಿಗೇ ಕರುಳು ಬಾಯಿಗೆ ಬರುತ್ತಿತ್ತು, ಇನ್ನು ನೋವು ತಿನ್ನುವ ಹೆಂಗಸಿನ ಪಾಡೇನು? ಮೆತ್ತಗೆ ಸಾಗುವ ಒಂದು ಸ್ಪ್ರಿಂಗ್ ಗಾಡಿ ಬೇಕು, ಅದಕ್ಕೆ ಊರೂರು ತಿರುಗಿ ಚಂದಾ ಎತ್ತಬೇಕು ಎಂದು ಹುಟ್ಟಿದ್ದೇ ನಮ್ಮ ಸಂಘ. ಪೆನ್ಷನ್ ಪಡೆದ ಶಿರಸ್ತೇದಾರರೊಬ್ಬರು ಅಧ್ಯಕ್ಷರು.

ಮಾವ ನನ್ನ ಅಮ್ಮನ ಅಣ್ಣ. ಈಗ ಬಂಗಾರಪೇಟೆ ಎನ್ನುವ ಊರನ್ನು ಆಗ ಬೌರಿಂಗ್‌ಪೇಟೆ ಅನ್ನುತ್ತಿದ್ದರಲ್ಲ, ಅದಕ್ಕೂ ನಮ್ಮ ಪೇಟೆಗೂ ನಡುವಿನ ಹಳ್ಳಿಯವನು. ರಾಗಿ ಹೊಲ, ಹಸುಗಳು, ಒಂಟಿ ಜೀವ. ಬೆಳಿಗ್ಗೆ ಪೇಟೆಗೆ ಹಾಲು ತಂದು ಹಾಕಿದರೆ ಸಂಜೆಯ ತನಕ ಅವನಿಗೆ ಕೆಲಸವಿಲ್ಲ. ಸಂಘಕ್ಕೆ ಸೇರಿದ್ದಾದರೂ ಹೇಗೆ? ಸಭೆ ನಡೆಯುತ್ತಿದ್ದ ಮನೆಯ ಮುಂದೆ ರಾಶಿ ಚಪ್ಪಲಿ ಬಿದ್ದಿರುವುದನ್ನು ಕಂಡು, "ಒಳಗೇನು ಮದ್ವೆನಾ, ಸಾವಾ?" ಎಂದು ವಿಚಾರಿಸಲು ಒಳಕ್ಕೆ ಬಂದ. ವಿಷಯ ಗೊತ್ತಾದ ಮೇಲೆ ಯಾಕೋ ಹೊರಕ್ಕೆ ಹೋಗಲಿಲ್ಲ; ಮೂಲೆಯಲ್ಲಿ ಕೂತುಬಿಟ್ಟ.

ಹೆಂಗಸೊಬ್ಬಳೇ ಬಾಗಿಲು ಬಾಗಿಲು ತಿರುಗುವುದು ಚೆನ್ನಾಗಿರುವುದಿಲ್ಲ ಎಂದು ಅಧ್ಯಕ್ಷರು ಮಾವನನ್ನು ನನ್ನ ಜೊತೆಗೆ ಹಾಕಿದರು. ಮೊದಲ ದಿನ ಪಕ್ಕದ ರಾಬರ್ಟ್‌ಸನ್‌ಪೇಟೆಯ ಜವಳಿ ಅಂಗಡಿಗೆ ಹೋದೆವು. "ನೀನು ಇಲ್ಲೇ ನೆರಳಾಗೆ ನಿಂತ್ಕೊ ಅಮ್ಮಣ್ಣಿ, ನಾನು ಕೇಳ್ಕೊಂಡ್ ಬತ್ತೀನಿ" ಎಂದು ಮಾವ ಒಳಗೆ ಹೋದ. ಹೋದವನು ಶೆಟ್ಟರನ್ನು ಕೇಳಿದ್ದೇನು? ಗಜಕಡ್ಡಿಯ ತುದಿಗೆ ಹಿತ್ತಾಳೆ ಯಾಕೆ ಕಟ್ಟಿದ್ದೀರಿ? ಬಟ್ಟೆಯನ್ನು ಚಿಟಿಕೆಯಲ್ಲಿ ಹಿಡಿದು ಹರಿದರೆ ಗೆರೆ ಎಳೆದ ಹಾಗೆ ಹೇಗೆ ಹರಿಯುತ್ತದೆ? ಇಷ್ಟೊಂದು ಪಂಚೆ ಮಾರುವ ನೀವು ಹರಕು ಪಂಚೆ ಯಾಕೆ ಉಟ್ಟಿದ್ದೀರಿ? ನಾನು ಹೊರಗೆ ನಿಂತು ತಲೆ ಚಚ್ಚಿಕೊಳ್ಳುವುದೊಂದು ಬಾಕಿ! ಒಳಗೆ ಶೆಟ್ಟರು ಗದ್ದುಗೆ ಬಿಟ್ಟು ಇಳಿದು ಬಂದರು, ಕಾಫಿ ತರಿಸಿದರು, ಕೊನೆಗೆ ಪಂಚೆಯ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಾವ ಬರಿಗೈಲಿ ಹೊರಗೆ ಬಂದ.

"ಕೇಳಿದೆಯಾ ಮಾವ?"

"ಕೇಳ್ದೆ ಕಣಮ್ಮ, ಪೂರ್ತಿ ಕೇಳ್ದೆ. ಪಾಪ, ಬೌರಿಂಗ್‌ಪೇಟೆ ತಮ್ಮನ ಜತೆ ಮಾತೇ ಇಲ್ವಂತೆ. ಒಟ್ಟೆ ಉರ್‍ಕೊಂಡು ಏಳ್ದ."

"ಚಂದಾ ಕೇಳಿದೆಯಾ ಅಂದೆ!"

"ಅಯ್ಯೋ! ಅಂಥ ಸಂಕಟದಾಗೆ ಇರೋನ್ನ ದುಡ್ಡು ಕೇಳಕ್ಕಾಯ್ತದಾ?"

ಮಾವನ ಪ್ರಕಾರ ಸಂಕಟದಲ್ಲಿಲ್ಲದವನು ಇಡೀ ಪೇಟೆಯಲ್ಲಿ ಒಬ್ಬನೂ ಇರಲಿಲ್ಲ. ಹಾಗಾಗಿ ಚಂದಾ ಕೇಳುವ ಪ್ರಸಂಗವೇ ಬರಲಿಲ್ಲ.

ದೊರೆಗಳಿಗೇನು ಸಂಕಟ, ಅಲ್ಲಿಗೇ ಕರೆದುಕೊಂಡು ಹೋಗೋಣ ಎಂದು ಗಣಿಯ ಒಬ್ಬ ಇಂಗ್ಲಿಷ್ ಅಧಿಕಾರಿಯ ಬಂಗಲೆಗೆ ಹೊರಟೆ. ಹಿಂದಿನ ದಿನವಿಡೀ ಶಾಲೆಯಲ್ಲಿ ಕೂತು ಇಂಗ್ಲಿಷಿನಲ್ಲಿ ಒಂದು ಭಾಷಣವನ್ನೇ ಬಾಯಿಪಾಠ ಮಾಡಿದ್ದೆ. ದೊರೆಸಾನಿ ವರಾಂಡದಲ್ಲಿ ಕೂತಿದ್ದಳು. ಅವಳ ಕಾಲ ಬಳಿ ಒಂದು ಮುದಿ ನಾಯಿ. ಅದಕ್ಕೆ ಗುಂಡಿ ಹಾಕಿದ ಉಣ್ಣೆಯ ಅಂಗಿ! ನಾನು ಬಾಯಿ ತೆರೆಯುವ ಮೊದಲೇ ಮಾವ ಬಟ್ಲರನ ಕಡೆ ತಿರುಗಿದ.

"ಕೇಳಯ್ಯಾ ಅಮ್ಮಾವ್ರನ್ನ, ನಾಯಿಗ್ಯಾಕೆ ಅಂಗಿ?"

ಬಟ್ಲರ್ ತಮಿಳಿನವನು. ಗಾಬರಿಯಾಗಿ, "ಅದೆಲ್ಲಾಂ ಕೇಕ್ಕ ಕೂಡಾದು ಪೆರಿಯವರೇ!" ಎಂದು ಪಿಸುಗುಟ್ಟಿದ.

"ಯಾಕೆ ಕೇಳ್ಬಾರ್‍ದು? ನಾಯಿ ಬೇಜಾರ್ ಮಾಡ್ಕೊಂತದಾ?"

ದೊರೆಸಾನಿ ಏನು ವಿಷಯ ಎಂದಳು. ಬಟ್ಲರ್ ಬೆವರುತ್ತಾ ಹೇಳಿದ. ಅವಳು ಮಾತಾಡತೊಡಗಿದಳು ನೋಡಿ, ನಿಲ್ಲಿಸಲೇ ಇಲ್ಲ! ನಾಯಿ ಅವಳ ಜೊತೆಗೇ ಹಡಗಿನಲ್ಲಿ ಬಂದದ್ದಂತೆ, ಈಗ ಕಫವಂತೆ, ಅದೂ ಹೋದರೆ ತನ್ನ ಊರಿನದು ಅನ್ನುವುದು ಏನೂ ಉಳಿಯುವುದಿಲ್ಲವಂತೆ. ನಾನು ಭಾಷಾಂತರ ಮಾಡಿದೆ. ಮಾವ ನಾಯಿಯ ಎದೆಗೆ ಕಿವಿಯಿಟ್ಟು ಕೇಳಿ, ಓಂಕಾಳು ಬಿಸಿಮಾಡಿ ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡಲು ಹೇಳಿದ. ಹೊರಡುವಾಗ ನಾನು ಗೇಟಿನ ಬಳಿ ನಿಂತು ಅವಸರದಲ್ಲಿ ಗಾಡಿಯ ವಿಷಯವನ್ನು ಎರಡು ಮಾತಿನಲ್ಲಿ ಒದರಿದೆ. ಭಾಷಣವೆಲ್ಲ ಮರೆತುಹೋಗಿತ್ತು. ಕೆಲವು ದಿನಗಳಲ್ಲಿ ದೊರೆಸಾನಿಯಿಂದ ಸಂಘಕ್ಕೆ ಒಂದು ಜೊತೆ ಗಾಡಿ ದೀಪ ಬಂತು. ಹಿತ್ತಾಳೆಯವು, ಫಳಫಳ ಹೊಳೆಯುವಂಥವು. ಗಾಡಿಯಿಲ್ಲ, ಎತ್ತಿಲ್ಲ, ದೀಪ ಮಾತ್ರ ಸಿದ್ಧ!

ಅಧ್ಯಕ್ಷರು ಹಲ್ಲು ಕಚ್ಚಿಕೊಂಡರು. ಅವರ ಸಹನೆ ಪೂರ್ತಿ ಹೋದದ್ದು ಬೌರಿಂಗ್‌ಪೇಟೆಯ ಮೆರವಣಿಗೆಯ ದಿನ. ರೈಲ್ವೆ ಸ್ಟೇಷನ್ನಿನಿಂದ ಸಂತೆಯವರೆಗೆ ತಮಟೆ ಬಡಿಸಿಕೊಂಡು ಹೋಗುವುದು, ಜನಕ್ಕೆ ಗಾಡಿಯ ಅಗತ್ಯ ತಿಳಿಸುವುದು ಎಂದು ನಿಶ್ಚಯವಾಗಿತ್ತು. "ತಾಯಂದಿರಿಗೆ ಗಾಡಿ ಬೇಕು" ಎಂದು ನಾನೇ ದಪ್ಪ ಅಕ್ಷರದಲ್ಲಿ ಬರೆದ ಬಟ್ಟೆಯನ್ನು ಎರಡು ಕೋಲಿಗೆ ಸುತ್ತಿ ಮಾವನ ಕೈಗೆ ಕೊಟ್ಟಿದ್ದೆವು. ಎಲ್ಲರೂ ಸಾಲಾಗಿ ನಿಂತ ಮೇಲೆ ನೋಡಿದರೆ ಮಾವ ಇಲ್ಲ! ಗಣಿಯ ಕಡೆಗೆ ಹೊರಟ ರೈಲಿನ ಕಿಟಕಿಯಲ್ಲಿ ನಮ್ಮ ಬಟ್ಟೆ ಪಟಪಟ ಹಾರುತ್ತಿತ್ತು. ಇಂಜಿನ್ನಿಗೆ ನೀರು ಯಾಕೆ ಕುಡಿಸುತ್ತಾರೆ ಎಂದು ರೈಲಿನ ಗಾರ್ಡ್‌ನನ್ನು ಕೇಳಲು ಮೆಟ್ಟಿಲು ಹತ್ತಿದ್ದನಂತೆ; ಉತ್ತರ ಮುಗಿಯುವ ಮೊದಲೇ ರೈಲು ಬಿಟ್ಟಿತಂತೆ.

ಬಟ್ಟೆಯಿಲ್ಲದೆ ಹೊರಟ ನಮ್ಮ ಮೆರವಣಿಗೆಯನ್ನು ನೋಡಿ ಸಂತೆಯ ಜನ ಯಾರದೋ ದಿಬ್ಬಣ ಎಂದು ದಾರಿ ಬಿಟ್ಟರು. "ಹೆಣ್ಣೆಲ್ಲಿ?" ಎಂದು ಒಬ್ಬಳು ಅಧ್ಯಕ್ಷರನ್ನೇ ಕೇಳಿದಳು!

ಸಂಜೆಯ ರೈಲಿನಲ್ಲಿ ಮಾವ ನಗುನಗುತ್ತಾ ಇಳಿದ. ಅವನಿಗೆ ಓದು ಬಾರದು. ಹಾಗಾಗಿ ನಂದಿದುರ್ಗ ಎಂಬ ಗಣಿಯ ಕೂಲಿಗಳ ಸಾಲುಮನೆಗಳ ಸುತ್ತ ಎಲ್ಲ ಕಡೆ ಬಟ್ಟೆ ಬಿಡಿಸಿ, "ಇದ್ರಾಗೆ ಏನ್ ಬರ್‍ದವ್ರೆ ಓದಿ ಏಳ್ರಪ್ಪ" ಎಂದು ಕೇಳಿಕೊಂಡು ಬಂದಿದ್ದ. ಓದಿದವರು ಓದದವರಿಗೆ ಹೇಳಿದರು. ಕನ್ನಡದವರು ತಮಿಳರಿಗೆ, ತಮಿಳರು ತೆಲುಗರಿಗೆ ಹೇಳಿದರು. ಆದರೆ ಅಧ್ಯಕ್ಷರ ಕೋಪಕ್ಕೆ ಅದೆಲ್ಲ ಕೇಳಿಸೀತೆ? ಮರುದಿನವೇ ಸಭೆ ಸೇರಿತು. ಮಾವನನ್ನು ಚಂದಾ ಕೆಲಸದಿಂದ ತೆಗೆಯಬೇಕೆಂದು ಠರಾವು ಮಂಡಿಸಿದರು. ಆಗಲೇ ನಾನು ಮೊದಲು ಹೇಳಿದ ಚಪ್ಪಾಳೆ ಬಿದ್ದದ್ದು.

"ಅನುಮೋದಿಸುವವರು ಯಾರು?" ಎಂದರು ಅಧ್ಯಕ್ಷರು.

"ಅಂಗಂದ್ರೇನು ಸ್ವಾಮಿ?" ಎಂದ ಮಾವ.

"ಒಪ್ಪಿಗೆ ಕೊಡುವುದು."

"ಅಷ್ಟೇನಾ? ನನ್ದೂ ಒಪ್ಗೇನೇ!"

ಹೀಗೆ ತನ್ನನ್ನು ತಾನೇ ಕೆಲಸದಿಂದ ತೆಗೆದುಕೊಂಡ ಮಾವ ನೇರ ಹೋದದ್ದು ಎಲ್ಲಿಗೆ? ಬೌರಿಂಗ್‌ಪೇಟೆಯ ಕಿರಿಯ ಶೆಟ್ಟರ ಮನೆಗೆ. ಅಣ್ಣನ ಕಥೆ ಕೇಳಿಯಾಗಿತ್ತು; ತಮ್ಮನ ಕಥೆ ಏನಿರಬಹುದು ಎಂಬ ಹುಳ ಅವನ ತಲೆಯನ್ನು ಅಂದಿನಿಂದ ಕೊರೆಯುತ್ತಿತ್ತು. ಅಣ್ಣತಮ್ಮಂದಿರು ಮಾತು ಬಿಟ್ಟದ್ದು ಯಾವುದಕ್ಕೆ ಗೊತ್ತೇ? ಅವರಪ್ಪ ಬಿಟ್ಟುಹೋದ ಒಂದು ಗಾಡಿಗೆ! ಮದರಾಸಿನಲ್ಲಿ ಮಾಡಿಸಿದ, ಕಮಾನು ಕಟ್ಟಿದ ಸ್ಪ್ರಿಂಗ್ ಗಾಡಿ. ನನಗೆ ಸೇರಬೇಕು ಎಂದು ಅಣ್ಣ, ನನಗೆ ಎಂದು ತಮ್ಮ. ಗಾಡಿ ಕೊಟ್ಟಿಗೆಯಲ್ಲಿ ನಿಂತಲ್ಲೇ ನಿಂತು, ಅದರೊಳಗೆ ಕೋಳಿಗಳು ಸಂಸಾರ ಹೂಡಿದ್ದವು.

ಮಾವ ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ತಿರುಗಿದ. "ನಿಮ್ಮಣ್ಣ ಇಂಗಂದ, ನಿಜಾನಾ?" "ನಿನ್ ತಮ್ಮ ಅಂಗಂದ, ಔದಾ?" ಅವನು ರಾಜಿ ಮಾಡಿಸಲು ಹೋದನೆಂದು ತಿಳಿಯಬೇಡಿ; ಕಥೆಯಲ್ಲಿ ಎಲ್ಲಿ ತಾಳೆ ಬೀಳುತ್ತಿಲ್ಲ ಅನ್ನುವುದಷ್ಟೇ ಅವನಿಗೆ ಬೇಕಾಗಿತ್ತು. ಕೊನೆಗೆ ಬೇಸತ್ತ ಅಣ್ಣತಮ್ಮಂದಿರು ಇವನ ಎದುರಿಗೇ ಮುಖಾಮುಖಿಯಾದರು. "ಅವನಿಗೆ ಹೋಗೋದಕ್ಕಿಂತ ಆ ಗಾಡಿ ನಿಮ್ಮ ಸಂಘಕ್ಕೆ ಹೋಗಲಿ!" ಎಂದು ಅಣ್ಣ ಕೂಗಿದ. "ಹೋಗಲಿ! ಇವನ ಕೈಗೆ ಸಿಗದಿದ್ದರೆ ಸಾಕು!" ಎಂದು ತಮ್ಮ ಅದಕ್ಕಿಂತ ಜೋರಾಗಿ ಕೂಗಿದ. ಎಷ್ಟೋ ವರ್ಷಗಳ ಮೇಲೆ ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದು. ಮಾವ ಗಾಡಿ ಕೇಳಿಯೇ ಇರಲಿಲ್ಲ!

ಕೋಳಿಗಳನ್ನು ಬಿಡಿಸಿ, ತೊಳೆದು, ಬಣ್ಣ ಹೊಡೆದು ಗಾಡಿಯನ್ನು ಪೇಟೆಗೆ ತಂದೆವು. ದೊರೆಸಾನಿಯ ದೀಪಗಳು ಅದಕ್ಕೆ ಹೊಂದಲಿಲ್ಲ. ಅವು ಅಧ್ಯಕ್ಷರ ಮನೆಬಾಗಿಲಲ್ಲಿ ನೇತಾಡಿದವು. ಉದ್ಘಾಟನೆಯ ದಿನ ಅಧ್ಯಕ್ಷರು ತಮ್ಮ ಅವಿರತ ಶ್ರಮದ ಬಗ್ಗೆ ಮಾತನಾಡುತ್ತಿದ್ದಾಗ ಗಾಡಿಯ ಕೆಳಗಿನಿಂದ ಎರಡು ಕಾಲು ಹೊರಗೆ ಚಾಚಿಕೊಂಡಿದ್ದವು. ಮಾವ ಅಂಗಾತ ಮಲಗಿ ಸ್ಪ್ರಿಂಗನ್ನು ಒತ್ತಿ ಒತ್ತಿ ನೋಡುತ್ತಿದ್ದ. ಹೊರಗೆ ಬಂದಾಗ ಅವನ ಮುಖ ಸಪ್ಪಗಿತ್ತು. ಗಾಡಿ ಹೊಡೆಯುವ ಕೆಲಸ ತನ್ನದೇ, ಬೇರೆ ಯಾರೂ ಬೇಡ ಎಂದ. ಅವನು ಹಟ ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮಾರನೆಯ ವರ್ಷ ಚೊಚ್ಚಲ ಹೆರಿಗೆಗೆಂದು ನಾನು ತವರಿಗೆ, ಮಾವನ ಹಳ್ಳಿಯಲ್ಲೇ ಇದ್ದ ಅಮ್ಮನ ಮನೆಗೆ ಬಂದೆ. ಒಂದು ಬೆಳಿಗ್ಗೆ ನೋವು ಶುರುವಾಯಿತು. ಸೂಲಗಿತ್ತಿ ಮಗು ಅಡ್ಡ ತಿರುಗಿದೆ ಎಂದಳು. ಮಗಳು ಆ ಮಧ್ಯಾಹ್ನವೇ ಆಸ್ಪತ್ರೆಯಲ್ಲಿ ಹುಟ್ಟಿದಳು, ಇಬ್ಬರೂ ಬದುಕಿದೆವು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ನೀವು ಗಾಬರಿಯಾಗಬೇಡಿ. ಆದರೆ ಗಾಡಿಯೊಳಗೆ ಅಮ್ಮನ ತೊಡೆಯ ಮೇಲೆ ಮಲಗಿದ್ದ ನನಗೆ ಆಗ ಅದು ಗೊತ್ತಿರಲಿಲ್ಲವಲ್ಲ! ಮಾವ ಮೇಲೆ ಕೂರದೆ ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯನ್ನು ಗಾಡಿಯ ಅಂಚಿಗೆ ಕೊಟ್ಟು ಪಕ್ಕದಲ್ಲೇ ನಡೆಯುತ್ತಿದ್ದ.

"ಮಾವ, ಏನಾದ್ರೂ ಮಾತಾಡು" ಎಂದೆ.

"ಏನ್ ಮಾತಾಡ್ಲಿ ತಾಯಿ?"

"ಅತ್ತೆ ಹೆಂಗಿದ್ರು?"

ಅವನ ಹೆಂಡತಿಯನ್ನು ನಾನು ಕಂಡವಳಲ್ಲ. ಅವಳನ್ನೂ ಇದೇ ದಾರಿಯಲ್ಲಿ ಹೆರಿಗೆಗೆ ಕರೆದೊಯ್ದಿದ್ದರು, ಆ ಗಾಡಿ ಆಸ್ಪತ್ರೆ ಮುಟ್ಟಲೇ ಇಲ್ಲ ಎಂದು ಅಮ್ಮ ಎಂದೋ ಒಮ್ಮೆ ಹೇಳಿದ್ದಳು, ಅಷ್ಟೇ. ಅಮ್ಮ ನನ್ನ ಕೈ ಚಿವುಟಿದಳು. ಮಾವ ದಾರಿಯಲ್ಲಿದ್ದ ಕಲ್ಲೊಂದನ್ನು ತಪ್ಪಿಸಲು ಎತ್ತುಗಳನ್ನು ಪಕ್ಕಕ್ಕೆ ಎಳೆದ.

"ನಿಮ್ಮತ್ತೆಗೆ ಉಣಿಸೆ ಚಿಗುರು ಅಂದ್ರೆ ಪ್ರಾಣ ಕಣಮ್ಮ" ಎಂದ ಆಮೇಲೆ. "ತಾನೇ ಮರ ಅತ್ತಿ ಕೀಳೋಳು. ಬಸ್ರಿ ಆದ್ಮೇಲೂ ಅತ್ಬುಟ್ಳು! ನಾನು ಕೆಳಗೆ ನಿಂತ್ಕೊಂಡು ಬಾಯಿ ಬಡ್ಕೊಂತಿದ್ರೆ, ಮ್ಯಾಲಿಂದ ನನ್ ತಲೆ ಮ್ಯಾಕೆ ಚಿಗುರು ಸುರೀತಾ ನಗೋಳು. ಅಂಥ ನಗು. ಆಚೆ ಓಣಿಗೆ ಕೇಳ್ಸೋದು."

ನಾನು ನೋವಿನ ನಡುವೆಯೇ ನಕ್ಕೆ. ಗಾಡಿ ಕಲ್ಲುಗಳ ಮೇಲೆ ದೋಣಿಯ ಹಾಗೆ ತೂಗಿಕೊಂಡು ಹೋಗುತ್ತಿತ್ತು. ಮಾವ ಹೇಳುತ್ತಲೇ ಇದ್ದ: ಅತ್ತೆ ಹಸುಗಳಿಗೆ ಇಟ್ಟ ಹೆಸರುಗಳು, ಸೊಸೆಯಾಗಿ ಬಂದ ಹೊಸದರಲ್ಲಿ ಮುದ್ದೆ ಕಟ್ಟಲು ಬಾರದೆ ಅತ್ತದ್ದು, ಹುಟ್ಟುವ ಮಗುವಿಗೆಂದು ಹಳೇ ಸೀರೆಯಲ್ಲಿ ಕೌದಿ ಹೊಲಿದದ್ದು. ಪೇಟೆಯ ಮೊದಲ ಮನೆಗಳು ಕಾಣಿಸಿದವು, ಹಿಂದೆ ಸರಿದವು.

"ಆಮೇಲೆ ಮಾವ?" ಎಂದೆ.

ಮಾವ ಎತ್ತುಗಳನ್ನು ನಿಲ್ಲಿಸಿದ. ಹಿಂದಕ್ಕೆ ಬಂದು ತಡಿಕೆ ಬಾಗಿಲು ತೆಗೆದು, ನನ್ನ ಬೆನ್ನಿಗೆ ಕೈಕೊಟ್ಟು ಎಬ್ಬಿಸಿದ.

"ಆಮೇಲೆ ಏನು? ಆಸ್ಪತ್ರೆ ಬಂತು. ಮೆತ್ತಗೆ ಇಳಿ ತಾಯಿ."