ರಾಗಿ ಕಾದ ಅಳಿದೇವ್ರು

ನನ್ನ ಹೊಸ ಕಾರು ಹತ್ತುವವರು ಮೊದಲು ಕಾಲು ಒರೆಸಿಕೊಳ್ಳಬೇಕು ಎಂಬ ಒಂದೇ ಒಂದು ಕಾನೂನನ್ನು ನಾನು ಜಾರಿಗೆ ತಂದಿದ್ದೆ. ಅದಕ್ಕಾಗಿ ಡಿಕ್ಕಿಯಲ್ಲಿ ಗೋಣಿಚೀಲದ ಒಂದು ತುಂಡನ್ನೂ ಇಟ್ಟುಕೊಂಡಿದ್ದೆ. (ಬಸವೇಶ್ವರನಗರದ ನಮ್ಮ ಬೀದಿಯವರು ಇದಕ್ಕೆ ನನ್ನನ್ನು ಏನೆಂದು ಕರೆಯುತ್ತಾರೋ ಗೊತ್ತು, ಇಲ್ಲಿ ಬರೆಯುವುದಿಲ್ಲ.) ನನ್ನ ಹೆಂಡತಿ ಕಲಾ ಮಾತ್ರ ಪ್ರತಿ ಸಲವೂ, "ದೇವಸ್ಥಾನಕ್ಕೂ ಹೀಗೆ ಒರೆಸ್ಕೊಂಡು ಹೋಗಿಲ್ಲ ಕಣ್ರೀ ನಾನು," ಎಂದು ಗೊಣಗುತ್ತಲೇ ಹತ್ತುತ್ತಿದ್ದಳು.

ಇಂಥ ಕಾರನ್ನು ಅತ್ತೆಯ ಊರಿಗೆ ತೋರಿಸದೆ ಇರಲಾದೀತೆ? ಡಿಸೆಂಬರಿನ ಚಳಿಯಲ್ಲಿ ಒಂದು ಭಾನುವಾರ ಹೊರಟೆವು. ಸುಂಕದಕಟ್ಟೆಯ ಟ್ರಾಫಿಕ್ಕಿನಲ್ಲಿ ಅರ್ಧ ಆಯುಸ್ಸು ಕಳೆದು, ಬ್ಯಾಡರಹಳ್ಳಿ ದಾಟಿ, ಮಾಗಡಿ ರಸ್ತೆ ಬಿಟ್ಟು ಒಳಕ್ಕೆ ಬಹುದೂರ ಹೋದರೆ ಅತ್ತೆಯ ಹೊಲ. ಅತ್ತೆ ಮುನಿತಾಯಮ್ಮ ತಲೆಗೆ ಟವೆಲ್ ಸುತ್ತಿಕೊಂಡು, ಕೊಯ್ದ ರಾಗಿಯನ್ನು ತೆನೆಸಮೇತ ಹೊಲದ ಮುಂದಿನ ಟಾರು ರಸ್ತೆಯ ಮೇಲೆ ಹರಡುತ್ತಿದ್ದರು. ನನ್ನ ಕಾರಿನ ಕಡೆ ನೋಡಿದವರು ಹಾಗೇ ಆಕಾಶದ ಕಡೆ ನೋಡಿದರು.

"ಮೋಡ ಕವೀತಾ ಐತೆ ಅಳಿದೇವ್ರೇ. ಕತ್ಲಾಗೋದ್ರೊಳಗೆ ಕಾಳು ಮನೆ ಸೇರ್ಬೇಕು. ತೊಯ್ದ್ರೆ ವರ್ಸದ ಮುದ್ದೇನೇ ಹೋಯ್ತು. ನಾನೂ ಕಲಾನೂ ಅವರೇಕಾಯಿ ಬಿಡಿಸಿ ಸಾರು ಮಾಡಿ ಬತ್ತೀವಿ. ದನಗಿನ ಬಾಯಿ ಹಾಕ್ದಂಗೆ ವಸಿ ಇಲ್ಲೇ ಕುಂತಿರಿ," ಎಂದರು.

ಕಾವಲು ನನಗೆ ಹೊಸದಲ್ಲ. ನಮ್ಮ ಟೆರೇಸಿನಲ್ಲಿ ಸಂಡಿಗೆ ಒಣಹಾಕಿದಾಗಲೆಲ್ಲ ಕಾಗೆ ಓಡಿಸುವ ಹುದ್ದೆ ನನ್ನದೇ. ರಾಗಿಯನ್ನೂ ಹಾಗೇ ಒಣಹಾಕಿದ್ದಾರೆ ಎಂದುಕೊಂಡು, ಕಾರನ್ನು ಹೊಂಗೆ ಮರದ ನೆರಳಿಗೆ ನಿಲ್ಲಿಸಿ, ಕೋಲು ಹಿಡಿದು ಕುಳಿತೆ. ದನ ಬರಲಿಲ್ಲ. ಹಾಲಿನ ವ್ಯಾನೊಂದು ಬಂದು ಸೀದಾ ರಾಗಿಯ ಮೇಲೇ ನುಗ್ಗುವುದರಲ್ಲಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ತಿನ್ನುವ ಅನ್ನದ ಮೇಲೆ ಚಕ್ರ ಹತ್ತಿಸುವುದೆ?

ರಸ್ತೆಗೆ ಅಡ್ಡಲಾಗಿ ಕಲ್ಲು ಜೋಡಿಸಿದೆ. ಕಲಾ ಕಾರಿನಲ್ಲಿ ಬಿಟ್ಟುಹೋಗಿದ್ದ ಕೆಂಪು ವೇಲನ್ನು ಕೋಲಿಗೆ ಕಟ್ಟಿ ಬಾವುಟ ಮಾಡಿದೆ. ಆ ಕ್ಷಣದಿಂದ ನಾನು ಅಖಿಲ ರಾಗಿ ಸಂರಕ್ಷಣಾ ಮಹಾಮಂಡಲದ ಏಕೈಕ ದಂಡನಾಯಕ. ವ್ಯಾನು, ನೀರಿನ ಟ್ಯಾಂಕರು, ಟ್ರ್ಯಾಕ್ಟರು, ಎಲ್ಲವನ್ನೂ ಪಕ್ಕದ ಮಣ್ಣುದಾರಿಗೆ ತಿರುಗಿಸಿದೆ. ಊರಿನ ಬಸ್ಸೂ ಬಂತು.

"ಮೇಲೇ ಹೋಗ್ತೀವಿ ಬಿಡಿ ಸಾರ್, ಮುನಿತಾಯವ್ವಂಗೂ ಅನುಕೂಲ," ಎಂದ ಕಂಡಕ್ಟರ್.

"ಅನುಕೂಲನಾ? ಒಬ್ಬ ಹೆಣ್ಣುಮಗಳ ವರ್ಷದ ದುಡಿಮೆ ರೀ ಇದು. ಮನುಷ್ಯತ್ವ ಇದೆಯಾ ನಿಮಗೆ?"

ಅವನು ಡ್ರೈವರನ ಮುಖ ನೋಡಿದ, ಡ್ರೈವರ್ ನನ್ನ ಮುಖ ನೋಡಿದ. ಬಸ್ಸು ಕುಲುಕುತ್ತಾ ಮಣ್ಣುದಾರಿಗೆ ಇಳಿಯಿತು. ಪಕ್ಕದ ಹೊಲದ ಉಗ್ರಪ್ಪ ಬೇಲಿಯಾಚೆ ನಿಂತು ಇದನ್ನೆಲ್ಲ ನೋಡುತ್ತಾ ನಗುತ್ತಿದ್ದರು. (ಹೆಸರು ಮಾತ್ರ ಉಗ್ರ. ಅವರ ಬಾಯಿಂದ ಮಾತು ಹೊರಟಿದ್ದನ್ನು ನಾನು ಈವರೆಗೆ ಕೇಳಿರಲಿಲ್ಲ.) ಮೆಚ್ಚಿಕೊಂಡರು ಎಂದು ತಿಳಿದು ಅವರ ಕಡೆಗೂ ಬಾವುಟ ಬೀಸಿದೆ.

ಅತ್ತೆ, ಕಲಾ ಬರುವ ಹೊತ್ತಿಗೆ ಮೋಡ ಇನ್ನಷ್ಟು ಕಪ್ಪಾಗಿತ್ತು. ಅತ್ತೆ ಒಂದು ತೆನೆ ಎತ್ತಿ ನೋಡಿದರು. ಕಾಳೆಲ್ಲ ಅದರಲ್ಲೇ ಭದ್ರವಾಗಿತ್ತು.

"ಒಂದ್ ಗಾಡೀನೂ ಬರ್ಲಿಲ್ವಾ?"

"ಬಂದ್ವು ಅತ್ತೆ. ಒಂದನ್ನೂ ಹತ್ತಕ್ಕೆ ಬಿಡ್ಲಿಲ್ಲ," ಎಂದೆ ಎದೆಯುಬ್ಬಿಸಿ. "ಬಸ್ಸನ್ನೂ ಬಿಡ್ಲಿಲ್ಲ."

ಅತ್ತೆ ಅಲ್ಲೇ ಕುಸಿದು ಕುಳಿತರು. ಕಲಾ ಹಣೆ ಚಚ್ಚಿಕೊಂಡಳು.

"ರೀ, ಗಾಡಿ ಹತ್ಲಿ ಅಂತಾನೇ ರಸ್ತೇಲಿ ಹಾಕೋದು. ಅಮ್ಮ ಎತ್ತು ಮಾರಿ ಎಷ್ಟು ವರ್ಷ ಆಯ್ತು? ಚಕ್ರ ಹತ್ತಿದ್ರೆ ತಾನೇ ಕಾಳು ಉದುರೋದು. ಸಂಡಿಗೆ ಅಂದ್ಕೊಂಡ್ರಾ?"

(ಅಂದುಕೊಂಡಿದ್ದೆ.)

"ಇನ್ ಬಸ್ ಬರಾದು ನಾಳೀಕೇಯ," ಎಂದರು ಅತ್ತೆ, ಮೋಡದ ಕಡೆ ನೋಡುತ್ತಾ. ನಾನು ರಸ್ತೆಯ ಎರಡೂ ತುದಿ ನೋಡಿದೆ. ನನ್ನ ಕೀರ್ತಿ ಆಗಲೇ ಹಬ್ಬಿತ್ತೆಂದು ಕಾಣುತ್ತದೆ, ಬೈಕಿನವರೂ ದೂರದಿಂದಲೇ ಮಣ್ಣುದಾರಿ ಹಿಡಿಯುತ್ತಿದ್ದರು. ಹೊಂಗೆ ಮರದ ಕೆಳಗೆ ಮಾತ್ರ ಒಂದು ವಾಹನ ಥಳಥಳಿಸುತ್ತಿತ್ತು. ಕಲಾ ಅದನ್ನೇ ನೋಡುತ್ತಿದ್ದಳು. ಅತ್ತೆಯೂ ನೋಡುತ್ತಿದ್ದರು. ಬೇಲಿಯಾಚೆಯಿಂದ ಉಗ್ರಪ್ಪನವರೂ.

ಅಂದು ನನ್ನ ಕಾರು ರಾಗಿಯ ಮೇಲೆ ಮುಂದಕ್ಕೆ ಹೋಯಿತು, ಹಿಂದಕ್ಕೆ ಬಂತು, ಮತ್ತೆ ಮುಂದಕ್ಕೆ ಹೋಯಿತು. ಅತ್ತೆ ಹುಲ್ಲು ತಿರುವಿ ಹಾಕುತ್ತಾ, "ವಸಿ ಎಡಕ್ಕೆ, ಹಾ, ಹಂಗೇಯ," ಎಂದು ಎತ್ತಿಗೆ ಹೇಳುವ ಧಾಟಿಯಲ್ಲೇ ನನಗೂ ಹೇಳಿದರು. ಚಕ್ರಕ್ಕೆ ಸುತ್ತಿಕೊಂಡ ಹುಲ್ಲನ್ನು ನಾನು ಮಂಡಿಯೂರಿ ಕಿತ್ತೆ. ಧೂಳು ನನ್ನ ಕಿವಿಗೂ ಕಾರಿನ ಎ.ಸಿ.ಗೂ ಸಮಪಾಲಾಗಿ ಹೋಯಿತು. ತೂರುವುದು ನಾಳೆಗಿರಲಿ ಎಂದು ಹೊಟ್ಟುಸಮೇತ ಕಾಳನ್ನು ಚೀಲಕ್ಕೆ ತುಂಬಿ, ಚೀಲಗಳನ್ನೂ ಕಾರಿಗೇ ಏರಿಸುವಷ್ಟರಲ್ಲಿ ಹನಿ ಶುರುವಾಯಿತು.

"ಎತ್ತಿಗಿಂತ ವಾಸಿ ಕಣ್ ಅಳಿದೇವ್ರೇ ನಿಮ್ ಕಾರು," ಎಂದು ಅತ್ತೆ ಕೊನೆಗೂ ನಕ್ಕು, ಮುಂದಿನ ಸೀಟಿನಲ್ಲಿ ಕುಳಿತರು.

ಆಗ ಉಗ್ರಪ್ಪ ಬಾಯಿ ತೆರೆದರು. "ನಾಳಿಕ್ಕೆ ನಮ್ದೂ ಹಾಕ್ಲಾ ಸ್ವಾಮಿ?"

ನಾನು ಕೇಳಿಸದವನಂತೆ, ನೆನೆದು ಕೆಸರಾಗಿ, ಬಾಗಿಲು ತೆರೆದು ಒಂದು ಕಾಲು ಒಳಗಿಟ್ಟೆ. ಹಿಂದೆ ಚೀಲಗಳ ನಡುವೆ ಕುಳಿತಿದ್ದ ಕಲಾ ನನ್ನ ಗೋಣಿತುಂಡನ್ನೇ ನನ್ನ ಮುಂದೆ ಹಿಡಿದಳು.

"ಒರೆಸ್ಕೊಂಡು ಹತ್ರೀ. ಒಳಗೆ ರಾಗಿ ಇದೆ."